ಬಡ್ಜಿ ತರುವ ಮುಂಚೆ ನಿಮ್ಮ ಮನೆಯ ಫ್ಯಾನ್ ನೋಡಿ

ನಮ್ಮ ಮನೆಗೆ ಬಂದವರು ಬಡ್ಜಿ ಅನ್ನುವ ಪುಟ್ಟ ಸಾಕುಗಿಳಿಯ ಪಂಜರದ ಮುಂದೆ ನಿಂತು ಮೊದಲು ಕೇಳುವುದು "ಎಷ್ಟು ಕೊಟ್ರಿ?" ಆಮೇಲೆ "ಮಾತಾಡುತ್ತಾ?" ಅಷ್ಟೇ. ಜೋಡಿಗೆ ಕೆಲವು ನೂರು ರೂಪಾಯಿ ಕೊಟ್ಟರೆ ಸಿಗುತ್ತದೆ, ನಿಜ. ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಕೇಳಿದರೂ ಹೆಚ್ಚಿನ ಕಡೆ ಕೊಡುವುದು ಬಡ್ಜಿಯನ್ನೇ. ಅಗ್ಗಕ್ಕೆ ಸಿಗುತ್ತದೆ ಅಂತಲೇ ಜನ ಹಿಂದೆಮುಂದೆ ನೋಡದೆ ತಂದುಬಿಡುತ್ತಾರೆ. ನನ್ನನ್ನು ಕೇಳಿದರೆ, ಅಂಗಡಿಗೆ ಹೋಗುವ ಮುಂಚೆ ಮನೆಯನ್ನು ಒಂದು ಸುತ್ತು ಹಾಕಿ ಬನ್ನಿ.

ಮೊದಲು ತಲೆ ಎತ್ತಿ ನೋಡಿ. ಸೀಲಿಂಗ್ ಫ್ಯಾನ್ ಇದೆ ಅಲ್ವಾ? ಬಡ್ಜಿ ತೂಗುವುದು ಮೂವತ್ತು ನಲವತ್ತು ಗ್ರಾಂ. ಪಂಜರದಿಂದ ಹೊರಗೆ ಬಿಟ್ಟಾಗ ಕುಕ್ಕರ್ ಕೂಗಿದರೂ ಸಾಕು, ಬೆದರಿ ಮೇಲಕ್ಕೆ ಹಾರುತ್ತದೆ. ನಮ್ಮಲ್ಲಿ ಬಾಗಿಲು ತೆಗೆಯುವವರು ಮೊದಲು ಫ್ಯಾನ್ ಆರಿಸಬೇಕು, ಅದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಸ್ವಿಚ್ ಬೋರ್ಡ್ ಮೇಲೆ ಮಗಳು "ಚಿಂಟು ಹೊರಗಿದ್ದಾನೆ, ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದಾಳೆ. ಏಪ್ರಿಲ್ ತಿಂಗಳಲ್ಲಿ ಈ ಚೀಟಿಯಿಂದ ಮನೆಯಲ್ಲಿ ಜಗಳವೂ ಆಗಿದೆ.

ಆಮೇಲೆ ಅಡುಗೆಮನೆ. ಹಕ್ಕಿಯ ಉಸಿರಾಟದ ವ್ಯವಸ್ಥೆ ನಮ್ಮದಕ್ಕಿಂತ ಚುರುಕು. ಗಾಳಿಯಲ್ಲಿ ವಿಷ ಇದ್ದರೆ ಅದಕ್ಕೆ ಬೇಗ ತಟ್ಟುತ್ತದೆ. ನಾನ್‌ಸ್ಟಿಕ್ ತವಾ ಖಾಲಿ ಒಲೆಯ ಮೇಲೆ ಅತಿಯಾಗಿ ಕಾದರೆ ಅದರ ಲೇಪನದಿಂದ ಬರುವ ಆವಿ ನಮಗೆ ಗೊತ್ತೇ ಆಗದೆ ಹೋಗಬಹುದು, ಹಕ್ಕಿಯನ್ನು ಮಾತ್ರ ಸ್ವಲ್ಪ ಹೊತ್ತಿನಲ್ಲೇ ಕೊಂದುಬಿಡುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ದೋಸೆ ಮತ್ತೆ ಕಬ್ಬಿಣದ ಕಾವಲಿಗೆ ಬಂತು. (ರುಚಿಯೂ ಅದರದ್ದೇ ಬಿಡಿ.) ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ, ಊದುಬತ್ತಿ ಯಾವುದೂ ಪಂಜರದ ಹತ್ತಿರ ಬೇಡ. ಶುಕ್ರವಾರದ ಸಾಂಬ್ರಾಣಿಗೆ ಬಂದಾಗ ಅತ್ತೆ ಸುಮ್ಮನಿರಲಿಲ್ಲ. "ಹಕ್ಕಿಗೋಸ್ಕರ ದೇವರಿಗೆ ಧೂಪ ನಿಲ್ಸೋಕಾಗುತ್ತಾ?" ಅಂದರು. ಕೊನೆಗೆ ರಾಜಿ ಆಯಿತು. ಧೂಪದ ಹೊತ್ತಿಗೆ ಪಂಜರ ಹಿಂದಿನ ರೂಮಿಗೆ, ಬಾಗಿಲು ಬಂದ್. ಈಗ ಅತ್ತೆಯೇ ನೆನಪು ಮಾಡುತ್ತಾರೆ, "ಅದನ್ನ ಎತ್ತಿಡಮ್ಮ ಮೊದ್ಲು" ಅಂತ.

ಇಷ್ಟಕ್ಕೆ ಮನೆಯವರು ಒಪ್ಪಿದರೆ ಅಂಗಡಿಗೆ ಹೋಗಿ. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆ ಇರುವ ಉಬ್ಬು ನೋಡಿ. ದೊಡ್ಡ ಗಂಡಿಗೆ ಅದು ಗಾಢ ನೀಲಿ, ಹೆಣ್ಣಿಗೆ ಕಂದು ಅಥವಾ ಬಿಳಚು. ಪೂರ್ತಿ ಬಿಳಿ, ಪೂರ್ತಿ ಹಳದಿ ಹಕ್ಕಿಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಗಂಡಿಗೂ ಗುಲಾಬಿ ಬಣ್ಣವೇ ಇರುತ್ತದೆ. ಹಣೆಯ ಪಟ್ಟೆಗಳು ಕೊಕ್ಕಿನವರೆಗೆ ಇಳಿದಿದ್ದರೆ ಮರಿ. ಮೂರು ನಾಲ್ಕು ತಿಂಗಳಿಗೆ ಆ ಗರಿ ಉದುರಿ ಹಣೆಗೆ ಪಟ್ಟೆಯಿಲ್ಲದ ಹೊಸ ಗರಿ ಬರುತ್ತದೆ. ಮರಿಯೇ ತನ್ನಿ, ಕೈಗೆ ಬೇಗ ಒಗ್ಗುತ್ತದೆ. ಹಗಲಲ್ಲೇ ಪುಕ್ಕ ಉಬ್ಬಿಸಿಕೊಂಡು ತೂಕಡಿಸುವುದನ್ನು "ಸಾಧು ಹಕ್ಕಿ ಮೇಡಂ" ಅಂತ ಕೊಡಲು ಬಂದರೆ ಬೇಡ ಅನ್ನಿ. ಅದಕ್ಕೆ ಹುಷಾರಿಲ್ಲ.

ಕಾನೂನಿನ ವಿಷಯ ಒಂದು ಮಾತು. ನಮ್ಮೂರಿನ ಹಸಿರು ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಡ್ಜಿ ಮೂಲತಃ ಆಸ್ಟ್ರೇಲಿಯಾದ್ದು, ಅದಕ್ಕೆ ಆ ತಡೆ ಇಲ್ಲ. ಹಾಗಂತ ಸಾಕಾಯಿತು ಅಂತ ಹೊರಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಕೆ ಹೋಗಬೇಡಿ. ಸಂಜೆಯೊಳಗೆ ಕಾಗೆ ಪಾಲು.

ಪಂಜರ ಅಡ್ಡಕ್ಕೆ ಅಗಲ ಇರಲಿ. ಇವು ಹಾರುವುದು ಅಡ್ಡಡ್ಡ. ಗೋಪುರದಂಥ ದುಂಡು ಪಂಜರ ಚಂದ ಕಾಣುತ್ತದೆ, ಉಪಯೋಗ ಇಲ್ಲ. ಕೂರಲು ಒಂದೇ ದಪ್ಪದ ಪ್ಲಾಸ್ಟಿಕ್ ಕಡ್ಡಿಗಿಂತ ಸೀಬೆ, ಬೇವಿನ ಕೊಂಬೆ ಒಳ್ಳೆಯದು. ಅಂಗಡಿಯವನು ಗೂಡಿಗೆ ಅಂತ ಮಡಕೆ ಕೊಟ್ಟರೆ ಅಲ್ಲೇ ಬಿಟ್ಟು ಬನ್ನಿ. ಜೋಡಿಗೆ ಮಡಕೆ ಸಿಕ್ಕರೆ ಮೊಟ್ಟೆ ಶುರು. ಆ ಮರಿಗಳನ್ನೆಲ್ಲ ಯಾರಿಗೆ ಕೊಡುತ್ತೀರಿ? ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೆಣ್ಣು ಸಾಯುವುದೂ ಉಂಟು.

ಊಟಕ್ಕೆ ನವಣೆ, ಬರಗು. ಬಡ್ಜಿ ತಿನ್ನುವುದನ್ನು ಹತ್ತಿರ ಕೂತು ನೋಡಬೇಕು. ಕಾಳನ್ನು ನಾಲಿಗೆಯಲ್ಲಿ ಹೊರಳಿಸಿ, ಕೊಕ್ಕಿನ ಅಂಚಿನಲ್ಲಿ ಸಿಪ್ಪೆ ಸೀಳಿ, ತಿರುಳನ್ನಷ್ಟೇ ನುಂಗುತ್ತದೆ. ಹೊಟ್ಟು ಮತ್ತೆ ಬಟ್ಟಲಿಗೇ ಬೀಳುತ್ತದೆ. ಸಂಜೆ ನೋಡಿದರೆ ಬಟ್ಟಲು ತುಂಬಿದಂತೆಯೇ ಇರುತ್ತದೆ, ಆದರೆ ಅದೆಲ್ಲ ಬರೀ ಹೊಟ್ಟು. ಉಫ್ ಅಂತ ಊದಿ ನೋಡಿ, ತಳದಲ್ಲಿ ನಾಲ್ಕು ಕಾಳು ಇದ್ದರೆ ಹೆಚ್ಚು. ಕಾಳಿನ ಜೊತೆ ಚೆನ್ನಾಗಿ ತೊಳೆದ ಕೊತ್ತಂಬರಿ, ನುಗ್ಗೆಸೊಪ್ಪು ಕೊಡಿ. ಬೆಣ್ಣೆಹಣ್ಣು, ಚಾಕಲೇಟ್ ಮಾತ್ರ ಬೇಡವೇ ಬೇಡ, ವಿಷ.

ಕಾಯಿಲೆಯನ್ನು ಇವು ಕೊನೆಯವರೆಗೂ ಬಚ್ಚಿಡುತ್ತವೆ. ಪಂಜರದ ತಳದಲ್ಲಿ ಕೂತಿದೆ, ಉಸಿರಿಗೊಮ್ಮೆ ಬಾಲ ಕುಣಿಯುತ್ತಿದೆ ಅಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ದನ, ನಾಯಿ ನೋಡುವ ಡಾಕ್ಟರೆಲ್ಲ ಹಕ್ಕಿ ನೋಡುವುದಿಲ್ಲ. ನೋಡುವವರು ಯಾರು ಅಂತ ತರುವ ಮುಂಚೆಯೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ.

ಮಾತಿನ ಆಸೆ ಇದ್ದರೆ ಗಂಡು ಮರಿ, ಅದೂ ಒಂದೇ ತನ್ನಿ. ಜೋಡಿ ಇದ್ದರೆ ಅವುಗಳಲ್ಲೇ ಹರಟೆ. ಆದರೆ ಒಂದೇ ತಂದರೆ ಅದರ ಜೊತೆ ಕೂರಲು ದಿನಾ ಯಾರಾದರೂ ಬೇಕು, ಇವು ಗುಂಪಿನಲ್ಲಿ ಬದುಕುವ ಹಕ್ಕಿಗಳು. ಕ್ಯಾಲಿಫೋರ್ನಿಯಾದ ಪಕ್ ಎಂಬ ಬಡ್ಜಿಗೆ 1,728 ಪದ ಬರುತ್ತಿತ್ತಂತೆ, ಗಿನ್ನೆಸ್ ದಾಖಲೆ. ನಮ್ಮ ಚಿಂಟು ಕಲಿತಿರುವುದು ಅತ್ತೆ ಫೋನಿನಲ್ಲಿ ಅನ್ನುವ "ಹ್ಞೂಂ ಹ್ಞೂಂ" ಒಂದೇ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಶುರು ಮಾಡುತ್ತಾನೆ. ನಿದ್ದೆ ಮುಖ್ಯ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚೆನ್ನಾಗಿ ನೋಡಿಕೊಂಡರೆ ಐದರಿಂದ ಹತ್ತು ವರ್ಷ ಬದುಕುತ್ತದೆ. ಅಷ್ಟು ವರ್ಷಗಳ ದಸರಾ ರಜೆ, ಮದುವೆ, ಊರ ಜಾತ್ರೆ ಎಲ್ಲಕ್ಕೂ ಯಾರ ಮನೆಯಲ್ಲಿ ಬಿಟ್ಟು ಹೋಗುತ್ತೀರಿ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. ನಮಗೆ ಕೆಳಗಿನ ಮನೆ ಆಂಟಿ ಇದ್ದಾರೆ. ಅವರ ಮನೆಯಲ್ಲೂ ನಾನ್‌ಸ್ಟಿಕ್ ತವಾ ಇತ್ತು. ಕೊಡುವ ಮುಂಚೆ ಅದನ್ನೂ ಕೇಳಿಯೇ ಕೊಟ್ಟಿದ್ದು.