ಹುಟ್ಟದ ಪ್ರೋಸೆಸ್‌ಗಳ ಲೆಕ್ಕ

ಕಕ್ಕಡದ ಮಳೆ. ಸೋಮವಾರಪೇಟೆಯ ಮನೆಯಲ್ಲಿ ಕರೆಂಟ್ ಹೋಗಿ, ಲ್ಯಾಪ್‌ಟಾಪ್ ಇನ್ವರ್ಟರ್ ಮೇಲೆ ನಡೀತಿತ್ತು. ನೆಟ್ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಬೆಂಗಳೂರಿನ ಲ್ಯಾಬಿನಲ್ಲಿದ್ದ ಡಿವೈಸ್‌ಗೆ ಲಾಗಿನ್ ಆಗುವ ಮಾತೇ ಬಿಡಿ. ವರ್ಚುವಲ್ ಮಷೀನ್ ಒಳಗೆ ಅದರ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬೂಟ್ ಮಾಡಿಕೊಂಡು ಕೂತೆ.

ಡಿವೈಸ್ ಕೆಲವು ದಿನ ಓಡಿದ ಮೇಲೆ ಮೆಮೊರಿ ಖಾಲಿ ಅನ್ನೋದು ದೂರು. ಯಾವ ಪ್ರೋಗ್ರಾಮೂ ಜಾಸ್ತಿ ತಿಂದಿರಲಿಲ್ಲ. ಕರ್ನಲ್ ತನಗಾಗಿ ಪಡೆದ ಮೆಮೊರಿಯ ಲೆಕ್ಕ ತೋರಿಸುವ ಸ್ಲ್ಯಾಬ್‌ಟಾಪ್‌ನಲ್ಲಿ ಮಾತ್ರ, 64 ಬೈಟ್ ತುಣುಕುಗಳ ಕೆಮ್ಯಾಲಾಕ್-64 ಸಾಲು ಏರುತ್ತಲೇ ಇತ್ತು. ಪಡೆದ ಮೆಮೊರಿ ವಾಪಸ್ ಕೊಡದೆ ಸೋರ್ತಿರೋದು ಕರ್ನಲ್ಲೇ.

ಇದಕ್ಕಂತಲೇ 2009ರಿಂದ ಲಿನಕ್ಸ್‌ನಲ್ಲಿ ಕೆಮೆಮ್‌ಲೀಕ್ ಅನ್ನೋ ಸಾಧನ ಇದೆ. ಯಾವ ಪಾಯಿಂಟರಿಗೂ (ಮೆಮೊರಿಯ ವಿಳಾಸ ಹಿಡಿದಿರೋದು) ಸಿಗದೆ ಬಿದ್ದಿರುವ ತುಣುಕುಗಳನ್ನು ಹುಡುಕಿ, ಅವನ್ನು ಪಡೆದದ್ದು ಯಾವ ಕೋಡ್ ಅಂತಲೂ ತೋರಿಸುತ್ತೆ. ಅದು ತಾನಾಗಿ ಹುಡುಕೋದು 10 ನಿಮಿಷಕ್ಕೊಮ್ಮೆ. ಅಷ್ಟು ಕಾಯೋ ತಾಳ್ಮೆ ನನಗೂ ಇರಲಿಲ್ಲ, ಇನ್ವರ್ಟರ್‌ಗೂ ಇರಲಿಲ್ಲ. ಕೈಯಾರೆ ಓಡಿಸಿದೆ. ವರದಿ ತುಂಬಾ ಒಂದೇ ಹೆಸರು: ಓಡುವ ಪ್ರೋಗ್ರಾಮುಗಳಿಗೆ, ಅಂದ್ರೆ ಪ್ರೋಸೆಸ್‌ಗಳಿಗೆ, ಸಿಪಿಯು ಸಮಯ ಹಂಚುವ ಶೆಡ್ಯೂಲರ್‌ನ ಶೆಡ್-ಫೋರ್ಕ್ ಫಂಕ್ಷನ್.

ಪ್ರತಿ ಹೊಸ ಪ್ರೋಸೆಸ್‌ಗೂ ಸಿಪಿಯು ಲೆಕ್ಕ ಇಡೋಕೆ ಒಂದು ಪುಟ್ಟ ಸ್ಟ್ರಕ್ಚರ್ (ಮೆಮೊರಿಯ ತುಣುಕು) ಕೊಡುವ ಪ್ಯಾಚನ್ನು, ಅಂದ್ರೆ ಕೋಡ್ ಬದಲಾವಣೆಯನ್ನು, ನಮ್ಮ ತಂಡ ಅಲ್ಲಿ ಸೇರಿಸಿತ್ತು. ಪ್ರೋಸೆಸ್ ಸತ್ತಾಗ ಅದು ಸರಿಯಾಗೇ ವಾಪಸ್ ಹೋಗ್ತಿತ್ತು. ಆದರೆ ಹುಟ್ಟೋದೇ ಅರ್ಧಕ್ಕೆ ನಿಂತರೆ? ಪ್ರೋಸೆಸ್‌ಗಳ ಗುಂಪಿಗೆ ಮಿತಿ ಹಾಕುವ ಸಿಗ್ರೂಪ್‌ನ ಪ್ರೋಸೆಸ್ ಮಿತಿ ತುಂಬಿದ್ರೆ ಫೋರ್ಕ್, ಅಂದ್ರೆ ಹೊಸ ಪ್ರೋಸೆಸ್ ಹುಟ್ಟಿಸೋದು, ಆಗಲ್ಲ. ಆ ತಪಾಸಣೆ ಬರೋದು ಶೆಡ್-ಫೋರ್ಕ್ ಮುಗಿದ ಮೇಲೆ. ಡಿವೈಸ್‌ನಲ್ಲಿ ಒಂದು ಸರ್ವಿಸ್ ಮಿತಿ ತುಂಬಿದ್ರೂ ಸುಮ್ನೆ ಫೋರ್ಕ್ ಮಾಡ್ತಾನೇ ಇತ್ತು.

ಅಪ್ಪ ಬಂದು ಏನಾಯ್ತು ಅಂದರು. “ಹಾಜರಿ ಪುಸ್ತಕದಲ್ಲಿ ಹೆಸರು ಬರೆದಾಯ್ತು, ಆಳು ತೋಟದ ಗೇಟಿಂದಲೇ ವಾಪಸ್ ಹೋದ, ಹೆಸರು ಹೊಡೆದು ಹಾಕಿಲ್ಲ” ಅಂದೆ.

“ಸಂಬಳನೂ ಕೊಡ್ತಾ ಇದ್ರಾ ಅವನಿಗೆ?”

ತಲಾ 64 ಬೈಟ್.

ಫೋರ್ಕ್ ಸೋತಾಗ ಹೋಗುವ ದಾರಿಗಳು ಹಲವು. ಒಂದೊಂದರಲ್ಲೂ ಮೆಮೊರಿ ವಾಪಸ್ ಕೊಡೋ ಕೋಡ್ ಬರೆಯೋ ಬದಲು, ಎಲ್ಲವೂ ಕೊನೆಗೆ ಸೇರುವ ಫ್ರೀ-ಟಾಸ್ಕ್ ಫಂಕ್ಷನ್‌ನಲ್ಲೇ ಹಾಕೋಣ ಅನ್ನಿಸಿತು. ಅಲ್ಲೊಂದು ಗುಂಡಿ ಇದೆ. ಫೋರ್ಕ್ ಶುರುವಾಗೋದೇ ತಾಯಿ ಪ್ರೋಸೆಸ್‌ನ ವಿವರಗಳಿರುವ ಟಾಸ್ಕ್ ಸ್ಟ್ರಕ್ಚರನ್ನು ಇಡಿಯಾಗಿ ನಕಲು ಮಾಡುವುದರಿಂದ. ನಮ್ಮ ಪಾಯಿಂಟರೂ ಜೊತೆಗೆ ಬರುತ್ತೆ. ಶೆಡ್-ಫೋರ್ಕ್‌ಗೂ ಮೊದಲೇ ಫೋರ್ಕ್ ಸೋತರೆ, ಮಗುವಿನದ್ದು ಅಂತ ತಾಯಿಯ ಮೆಮೊರಿಯನ್ನೇ ವಾಪಸ್ ಕೊಟ್ಟುಬಿಡ್ತೀವಿ. ಸೋರಿಕೆಗಿಂತ ಇದು ಕೆಟ್ಟದ್ದು, ಅಲ್ವಾ? ಹಾಗಾಗಿ ನಕಲಾದ ತಕ್ಷಣ ಪಾಯಿಂಟರಿಗೆ ನಲ್, ಅಂದ್ರೆ ಖಾಲಿ ವಿಳಾಸ, ಹಾಕುವ ಒಂದು ಸಾಲು. ಇಡೀ ಪ್ಯಾಚಿನಲ್ಲಿ ಮುಖ್ಯವಾದದ್ದು ಅದೇ.

ಮಿತಿ ತುಂಬಿಸಿ ರಾತ್ರಿಯಿಡೀ ಫೋರ್ಕ್ ಮಾಡಿಸಿದೆ. ಕೆಮ್ಯಾಲಾಕ್-64 ಸಾಲು ಏರಲಿಲ್ಲ. ಬೆಳಿಗ್ಗೆ ನೆಟ್ ಬಂದಾಗ ಪ್ಯಾಚ್ ಕಳಿಸಿದೆ. 2024ರಲ್ಲಿ ಬಂದ ಲಿನಕ್ಸ್ 6.12ರಲ್ಲಿ ಶೆಡ್-ಫೋರ್ಕ್ ಮಾಡಿದ್ದನ್ನು ರದ್ದು ಮಾಡೋಕೆ ಬೇರೆ ಫಂಕ್ಷನ್ನೇ ಇದೆ. ಆ ಆವೃತ್ತಿಗೆ ಹೋದಾಗ ಇದನ್ನು ಮತ್ತೆ ಬರೆಯಬೇಕು.