ಹತ್ತಿ ಹೋಗಿ ಹತ್ತು ಆದದ್ದು

ರಾಯಚೂರು ಗಂಜಿನ ಹತ್ತಿರ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುವವ. ನಮ್ಮ ಸಾವುಕಾರರು ಯಾವುದೋ ಮೀಟಿಂಗಿಗೆ ಹೋಗಿ ಬಂದವರೇ, "ಸರ್ಕಾರದವ್ರು 2023ರಾಗನ ಪಿಎಂ ಕಿಸಾನ್‌ಗೆ ಮಾತಾಡೋ ಎಐ ತಂದಾರ, ನಮಗೇನ್ ಧಾಡಿ?" ಎಂದು ಅಂಗಡಿಯ ವಾಟ್ಸಾಪಿಗೂ ಒಂದನ್ನು ಕೂಡಿಸಿದರು. ರೈತರ ವಾಯ್ಸ್ ಮೆಸೇಜನ್ನು ಅದು ಅಕ್ಷರಕ್ಕೆ ಇಳಿಸಿ ಉತ್ತರ ಬರೆಯುತ್ತದೆ, ನಾನು ಓದಿ ಕಳಿಸಬೇಕು. ಪಗಾರ ಮಾತ್ರ ಹಳೇದೇ.

ಸುಳ್ಳು ಯಾಕೆ, ಮೊದಮೊದಲು ನನಗೂ ಹಿಗ್ಗು. ಹತ್ತಿ ಎಲೆ ಕೆಂಪಾದ ಫೋಟೋ ನೋಡಿ ಮೆಗ್ನೀಷಿಯಂ ಕೊರತೆ ಇರಬಹುದು ಅಂದಿತ್ತು. ನಮ್ಮ ಬಿಎಸ್ಸಿ ಅಗ್ರಿ ಹುಡುಗನೂ ಅದನ್ನೇ ಹೇಳಿದ. ಅಲ್ಲಿಂದ ನನ್ನ ಓದುವಿಕೆ ಸಡಿಲಾಯಿತು.

ಆ ಹುಡುಗ ಅಕ್ಕನ ಮದುವೆಗೆ ಹೋದ ವಾರ, ಗಬ್ಬೂರ ಕಡೆಯ ಕಾಕಾ ಒಬ್ಬರ ಮೆಸೇಜು ಬಂತು. ಹಿಂದೆ ಟ್ರ್ಯಾಕ್ಟರ್ ಸದ್ದು. ಆಗ ನಾನು ಅದನ್ನು ಕಿವಿಗಿಟ್ಟು ಕೇಳಲಿಲ್ಲ, ಆಮೇಲೆ ಕೇಳಿದಾಗ ಇದ್ದದ್ದು ಇದು: "ಹತ್ತಿ ಹೊಲದಾಗ ಅಗಲ ಎಲಿ ಕಸ ಭಾಳ ಎದ್ದೈತಿ, ಯಾವ ಎಣ್ಣಿ ಹೊಡಿಲಿ?" ಉತ್ತರ ಅಚ್ಚುಕಟ್ಟು ಪುಸ್ತಕದ ಕನ್ನಡದಲ್ಲಿ ಬಂತು: ಟೂ-ಫೋರ್-ಡಿ, ಅಗಲ ಎಲೆಯ ಕಸ ಸಾಯಿಸುವ ಎಣ್ಣೆ. ನಾನು ಡೋಸು ಮಾತ್ರ ಡಬ್ಬಿಯ ಲೇಬಲ್ಲಿಗೆ ಎರಡು ಸಲ ತಾಳೆ ನೋಡಿದೆ. ಸರಿ ಇತ್ತು. ಕಳಿಸಿದೆ. ಮರುದಿನ ಮುಂಜಾನೆ ಅವರ ಮಗ ಬಂದು, ಮೊಬೈಲ್ ತೋರಿಸಿ, ಉದ್ರಿ ಹೇಳಿ ಡಬ್ಬಿ ಒಯ್ದ.

ಹನ್ನೊಂದರ ಹೊತ್ತಿಗೆ ಉದ್ರಿ ಬರೆಯಲು ಖಾತೆ ಪುಸ್ತಕದಲ್ಲಿ ಅವರ ಪಾನು ತೆಗೆದೆ. ಮೇಲಿನ ಸಾಲಿನಲ್ಲಿ ನನ್ನದೇ ಅಕ್ಷರ: ಬಿಟಿ ಹತ್ತಿ, 475 ಗ್ರಾಂ, 8 ಪಾಕೀಟು.

ಕೈ ತಣ್ಣಗಾಯಿತು. ಟೂ-ಫೋರ್-ಡಿ ಜೋಳಕ್ಕೆ ನಡೆಯುತ್ತದೆ, ಹತ್ತಿಗೆ ವಿಷ. ಪಕ್ಕದ ಹೊಲದಿಂದ ಗಾಳಿಗೆ ತೂರಿ ಬಂದರೂ ಹತ್ತಿ ಎಲೆ ಬೆಂಡೆ ಎಲೆಯಂತೆ ಸೀಳುತ್ತದೆ. ಮೊಬೈಲ್ ತೆಗೆದು ನೋಡಿದೆ. ಎಐ ಕೇಳಿಸಿಕೊಂಡದ್ದು "ಹತ್ತು ಹೊಲದಾಗ". ಬೆಳೆಯೇ ಮಾಯ! ಉತ್ತರದ ಮೊದಲ ಸಾಲಿನಲ್ಲೇ "ಜೋಳ, ಮೆಕ್ಕೆಜೋಳದಂತಹ ಬೆಳೆಗಳಲ್ಲಿ" ಎಂದಿತ್ತು. ಆ ಸಾಲನ್ನು ನಾನು ಓದಿರಲೇ ಇಲ್ಲ.

ಕಾಕಾಗೆ ಫೋನು: ಸ್ವಿಚ್ ಆಫ್. ಮಗನಿಗೆ: ರಿಂಗಾಗುತ್ತದೆ, ಎತ್ತುವುದಿಲ್ಲ. ಆರು ಸಲ. ಸಾವುಕಾರರು ಗಲ್ಲಾದ ಮೇಲೆ ಕೂತು "ಏನಾತೋ?" ಅಂದರು. "ಏನಿಲ್ರಿ" ಅಂದೆ. ಅದೂ ನನ್ನದೇ ತಪ್ಪು, ಆಗಲೇ ಹೇಳಿದ್ದರೆ ಅವರ ಪರಿಚಯದವರು ಆ ಊರಲ್ಲಿ ಮೂವರಿದ್ದರು. ಹೇಳದೆ ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಪಂಪ್ ಬೆನ್ನಿಗೆ ಹಾಕಿಕೊಂಡವರೆಲ್ಲ ಆ ಕಾಕಾನಂತೆಯೇ ಕಂಡರು.

ಮುಟ್ಟುವ ಹೊತ್ತಿಗೆ ಒಂದು ಪಂಪ್ ಖಾಲಿಯಾಗಿತ್ತು, ಎರಡನೆಯದಕ್ಕೆ ನೀರು ಹಾಕುತ್ತಿದ್ದರು. ಬದುವಿನ ಮೇಲಿಂದಲೇ ಕೂಗಿದೆ. ಕಾಕಾ ಬೈಯಲಿಲ್ಲ. "ನೀನ ಬರದು ಕಳಿಸಿದ್ಯಲ್ಲೋ ತಮ್ಮಾ" ಅಂದರು, ಅಷ್ಟೇ.

ಸಂಜೆ ಅದೇ ಎಐಗೆ "ಹತ್ತಿ" ಎಂದು ಕೈಯಾರೆ ಟೈಪ್ ಮಾಡಿ ಕೇಳಿದೆ. ಹತ್ತಿಗೆ ಟೂ-ಫೋರ್-ಡಿ ಬೇಡವೇ ಬೇಡ, ಅದನ್ನು ಹೊಡೆದ ಪಂಪ್ ಕೂಡ ಹತ್ತಿಗೆ ಬಳಸಬೇಡಿ ಎಂದಿತು. ಎಲ್ಲ ಗೊತ್ತಿತ್ತು ಅದಕ್ಕೆ! "ಯಾವ ಬೆಳೆ?" ಎಂದು ಒಂದು ಮಾತು ಕೇಳುವುದು ಮಾತ್ರ ಗೊತ್ತಿರಲಿಲ್ಲ. ನಮ್ಮ ಹುಡುಗ ಡಬ್ಬಿ ಮುಟ್ಟುವ ಮೊದಲು ಕೇಳುವುದೇ ಅದನ್ನು. ಈಗ ನಾನು ವಾಯ್ಸ್ ಮೆಸೇಜನ್ನು ಕಿವಿಗಿಟ್ಟು ಕೇಳಿಯೇ ಉತ್ತರ ಕಳಿಸುತ್ತೇನೆ. ಇದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದರೆ ಸಾವುಕಾರರಿಗೆ ಸಿಟ್ಟು.

ಹೊಡೆದ ಸಾಲುಗಳ ಎಲೆ ವಾರದೊಳಗೆ ಮುದುಡಿ ಸೀಳಿತು. ಹಳೆ ಪಂಪ್ ಮತ್ತೆ ಹತ್ತಿಗೆ ಬೇಡವೆಂದು ಕಾಕಾಗೆ ಹೊಸದೊಂದು ಕೊಟ್ಟೆವು. ಅದರ ದುಡ್ಡು ನನ್ನ ಪಗಾರದಲ್ಲಿ ಮುರಿದುಕೊಂಡರು. ಎಐಗೆ ಕಟ್ಟುವ ತಿಂಗಳ ದುಡ್ಡು ಮಾತ್ರ ಇನ್ನೂ ಅಂಗಡಿಯ ಖರ್ಚಿನಲ್ಲೇ ಬರೆಯುತ್ತಿದ್ದೇನೆ.