ತಂತಿಯ ಕೆಳಗೊಂದು ಹಿತ್ತಾಳೆ ಸರಳು

ಎಲೆಕ್ಟ್ರಿಕ್ ಗಿಟಾರಿನಿಂದ ಜಾಗಟೆ, ಸೈರನ್, ತಂಬೂರಿಯಂಥ ನಾದ ಬೇಕು ಅಂದ ಕೂಡಲೇ ನಮ್ಮ ಹುಡುಗರು ನಾದ ಬದಲಿಸುವ ಪೆಡಲ್ ರೇಟು ವಿಚಾರಿಸುತ್ತಾರೆ. ಅದಕ್ಕೂ ಮುಂಚೆ ಮನೆಯ ಟೂಲ್ ಬಾಕ್ಸ್ ತೆರೆದು ನೋಡಿರಿ.

ಒಂದು ವಿಷಯ ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದಂತೆ. ಪಿಕಪ್ ಅನ್ನುವುದು ಮೈಕ್ ಅಲ್ಲ. ಅಯಸ್ಕಾಂತ, ಅದಕ್ಕೆ ಸಾವಿರಾರು ಸುತ್ತು ಸುತ್ತಿದ ತಾಮ್ರದ ಎಳೆ, ಅಷ್ಟೇ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹೀಗಾಗಿ ಪಿಕಪ್ ಮೂಲಕ ವಿಚಿತ್ರ ನಾದಕ್ಕೆ ದಾರಿ ಎರಡೇ: ಪಿಕಪ್ ಮೇಲಿನ ತಂತಿ ಬೇರೆ ರೀತಿ ಅಲುಗುವಂತೆ ಮಾಡುವುದು, ಇಲ್ಲವೇ ಪಿಕಪ್ ಹತ್ತಿರ ಬೇರೊಂದು ಕಾಂತಕ್ಷೇತ್ರ ತಂದು ಕುಣಿಸುವುದು. ಗಿಟಾರಿನ ಮರಕ್ಕೆ ಬಡಿದದ್ದು ಕೋಣೆಯಲ್ಲೆಲ್ಲ ಕೇಳಿಸಿ ಆಂಪ್‌ನಲ್ಲಿ (ಆಂಪ್ಲಿಫೈಯರ್) ಬರೀ 'ಟುಪ್' ಅಂದರೆ ಕಾರಣ ಇದೇ.

ಮೊದಲನೆಯ ದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಮೂರನೇ ಬ್ರಿಡ್ಜ್, ಅಂದರೆ ತಂತಿಗಳ ಕೆಳಗೆ ಅಡ್ಡ ತೂರಿಸುವ ಇನ್ನೊಂದು ಆಸರೆ. ಅಮೆರಿಕದ ಸಂಗೀತಗಾರ ಜಾನ್ ಕೇಜ್ 1940ರಲ್ಲೇ ಪಿಯಾನೊ ತಂತಿಗಳ ನಡುವೆ ಬೋಲ್ಟು, ಸ್ಕ್ರೂ ಸಿಕ್ಕಿಸಿದ್ದರು. ಇಂಗ್ಲೆಂಡಿನ ಎಎಂಎಂ ಸಂಗೀತ ತಂಡದ ಕೀತ್ ರೋ 60ರ ದಶಕದಲ್ಲಿ ಗಿಟಾರನ್ನು ಟೇಬಲ್ ಮೇಲೆ ಮಲಗಿಸಿ ಅದೇ ಕೆಲಸ ಮಾಡಿದರು. ಅದನ್ನು ರಾಕ್ ವೇದಿಕೆಗೆ ತಂದವರಲ್ಲಿ ಸಾನಿಕ್ ಯೂತ್ ತಂಡದ ಥರ್ಸ್ಟನ್ ಮೂರ್, ಲೀ ರನಾಲ್ಡೊ ಮುಖ್ಯರು. ಅವರು ಸ್ಕ್ರೂಡ್ರೈವರನ್ನೇ ತೂರಿಸುತ್ತಿದ್ದರು. ಅದರಲ್ಲಿ ತೊಡಕಿದೆ: ದುಂಡಗಿರುವುದರಿಂದ ಉರುಳುತ್ತದೆ, ಗಟ್ಟಿ ಉಕ್ಕು ಫ್ರೆಟ್ (ಕುತ್ತಿಗೆಯ ಲೋಹದ ಅಡ್ಡಪಟ್ಟಿ) ಮೇಲೆ ಗೆರೆ ಎಳೆಯುತ್ತದೆ, ಹಿಡಿಯ ಭಾರಕ್ಕೆ ಒಂದು ಕಡೆ ವಾಲುತ್ತದೆ. ಬೆಳಗಾವಿಯ ಉದ್ಯಮಬಾಗದ ಯಾವುದಾದರೂ ಲೇತ್ ಅಂಗಡಿಯಲ್ಲಿ 5 ಮಿ.ಮೀ. ಚೌಕದ ಹಿತ್ತಾಳೆ ಸರಳು 7 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಕೊಡಿರಿ ಅಂದರೆ ಚೂರುಪಾರಿನಲ್ಲೇ ಸಿಗುತ್ತದೆ. ಅಂಚು ಅರದಿಂದ ಉಜ್ಜಿಸಿಕೊಳ್ಳಿರಿ, ಕೆಳಮುಖಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿರಿ.

ತಂತಿಗಳನ್ನು ಸಡಿಲಿಸಿ, ಸರಳನ್ನು 12ನೇ ಫ್ರೆಟ್ಟಿನ ನೇರ ಮೇಲೆ ಅಡ್ಡ ಇಟ್ಟು, ಮತ್ತೆ ಶ್ರುತಿಗೆ ಏರಿಸಿರಿ. ಈಗ ಪಿಕಪ್ ಕಡೆಯ ಅರ್ಧ ಬಿಟ್ಟು, ನಟ್ (ಗಿಟಾರಿನ ತಲೆಯ ಹತ್ತಿರ ತಂತಿ ಕೂರುವ ಪಟ್ಟಿ) ಕಡೆಯ ಅರ್ಧವನ್ನು ಮೀಟಬೇಕು. ಪಿಕಪ್‌ಗೆ ಆ ತುಂಡು ನೇರವಾಗಿ ಕಾಣುವುದಿಲ್ಲ. ಕಂಪನ ಸರಳನ್ನು ದಾಟಿ ಬಂದು ಈಚೆಯ ತುಂಡನ್ನು ಎಬ್ಬಿಸುತ್ತದೆ, ಮೀಟಿದ ಹೊಡೆತ ಇಲ್ಲದೆ ನಾದ ಮಾತ್ರ ನಿಧಾನವಾಗಿ ಉಬ್ಬಿ ಬರುತ್ತದೆ. ಎರಡೂ ತುಂಡುಗಳ ಅಳತೆಗೆ ಸರಳ ಅನುಪಾತ ಇದ್ದರಷ್ಟೇ ಇದು ಗಟ್ಟಿಯಾಗಿ ಆಗುವುದು. ನಟ್‌ನಿಂದ ಬ್ರಿಡ್ಜ್ ತನಕ 648 ಮಿ.ಮೀ. ಇರುವ ಸ್ಟ್ರಾಟ್ ಮಾದರಿಯ ಗಿಟಾರಿನಲ್ಲಿ ನಟ್‌ನಿಂದ 324 ಮಿ.ಮೀ.ಗೆ ಅರ್ಧ, 216ಕ್ಕೆ ಮೂರನೇ ಒಂದು, 162ಕ್ಕೆ ಕಾಲು. ಅಂದರೆ 12, 7, 5ನೇ ಫ್ರೆಟ್. 7ರ ಮೇಲೆ ಇಟ್ಟರೆ ಈಚೆಯ ತುಂಡು ಖಾಲಿ ತಂತಿಯ ಪಂಚಮ ನುಡಿಯುತ್ತದೆ, ಆಚೆಯದು ಅದರ ಮೇಲಿನ ಸಪ್ತಕದಲ್ಲಿ ಅದೇ ಪಂಚಮ. ಒಂದಕ್ಕೊಂದು ಕೂಡಿ ದೇವಸ್ಥಾನದ ಗಂಟೆಯ ಹಾಗೆ ಬಾರಿಸುತ್ತದೆ. 6ನೇ ಫ್ರೆಟ್ಟಿಗೆ ಸರಿಸಿದಿರೋ, ಬರೀ ತಗಡಿನ ಸದ್ದು. ಅದೂ ಬೇಕಾಗಬಹುದು, ಆದರೆ ಬೇಕಂತಲೇ ತರಬೇಕು.

ನಾದ ಕ್ಷೀಣ ಇರುವುದರಿಂದ ಸ್ವಲ್ಪ ಡಿಸ್ಟಾರ್ಷನ್ ಇಲ್ಲವೇ ಕಂಪ್ರೆಸರ್ ಬೇಕೇ ಬೇಕು. ಸಣ್ಣ ಸದ್ದನ್ನು ಅಡಗಿಸುವ ನಾಯ್ಸ್ ಗೇಟ್ ಮಾತ್ರ ಬಂದ್ ಇರಲಿ, ಇಲ್ಲದಿದ್ದರೆ ನಾದದ ಬಾಲವನ್ನೇ ಕತ್ತರಿಸಿ ಒಗೆಯುತ್ತದೆ. ಸ್ಪ್ರಿಂಗ್ ಮೇಲೆ ತೇಲುವ ಟ್ರೆಮೊಲೊ ಬ್ರಿಡ್ಜ್ ಇದ್ದವರಿಗೆ ಇದು ಭಾಳ ಕಾಟ: ಒಂದು ತಂತಿ ಏರಿಸಿದರೆ ಉಳಿದ ಐದು ಇಳಿಯುತ್ತವೆ. ಬ್ರಿಡ್ಜ್ ಹಿಂದೆ ಮರದ ತುಂಡು ಸಿಕ್ಕಿಸಿ ಅಲುಗದಂತೆ ಮಾಡಿಕೊಳ್ಳಿರಿ.

ಮೊಸಳೆ ಕ್ಲಿಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೇಡಿಯೊ ರಿಪೇರಿ ಅಂಗಡಿಯ ಸಣ್ಣ ಕ್ಲಿಪ್ಪನ್ನು ಬ್ರಿಡ್ಜ್‌ನಿಂದ ಒಂದೆರಡು ಸೆಂ.ಮೀ. ಆಚೆ ತಂತಿಗೆ ಕಚ್ಚಿಸಿದರೆ, ಅಲ್ಲೊಂದು ಕಡೆ ತೂಕ ಬಿದ್ದು ಮೇಲಿನ ಸ್ವರಗಳು ಸಾಲು ತಪ್ಪುತ್ತವೆ, ಜಾಗಟೆ ಕೇಳುತ್ತದೆ. ಸುತ್ತು ಇಲ್ಲದ ಮೂರು ತೆಳು ತಂತಿಗಳಿಗಷ್ಟೇ ಹಾಕಿರಿ. ದಪ್ಪ ತಂತಿಯ ಸುತ್ತು ಹಲ್ಲಿಗೆ ಸಿಕ್ಕಿ ಸಡಿಲಾದರೆ ಆ ತಂತಿ ಸತ್ತಂತೆ.

ತಂಬೂರಿಯ ಜವಾರಿಗೆ, ಅಂದರೆ ಅದರ 'ಝೇಂ' ಅನ್ನುವ ಝೇಂಕಾರಕ್ಕೆ ಬರೋಣ. ಮಿರಜಿನ ತಂಬೂರಿ, ಸಿತಾರಗಳಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಬೆಳಗಾವಿಯಿಂದ ಅಲ್ಲಿಗೆ ಒಂದೇ ರೈಲು ದೂರ. ತಂಬೂರಿಯ ಕುದುರೆ (ಬ್ರಿಡ್ಜ್) ಅಗಲವಾಗಿ, ತುಸು ಇಳಿಜಾರಾಗಿ ಇರುತ್ತದೆ. ತಂತಿ ಅಲುಗಿದಂತೆಲ್ಲ ಅದನ್ನು ಮುಟ್ಟಿ ಬಿಡುತ್ತದೆ, ಕೆಳಗೆ ಸರಿಸುವ ನೂಲಿನ ಎಳೆ ಆ ಮುಟ್ಟುವಿಕೆಯನ್ನು ಹದಕ್ಕೆ ತರುತ್ತದೆ. ಗಿಟಾರಿನ ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಅಂಚು, ಚೂಪು; ಅದರ ಮೇಲೆ ನೂಲಿಟ್ಟರೆ ನಾದ ಮಂಕಾಗುತ್ತದೆಯೇ ಹೊರತು ಜವಾರಿ ಬರುವುದಿಲ್ಲ. ಅಗಲ ಕುದುರೆಯನ್ನು ನಾವೇ ಕೊಡಬೇಕು. 1967ರಲ್ಲಿ ಬಂದ ಕೋರಲ್ ಎಲೆಕ್ಟ್ರಿಕ್ ಸಿತಾರ್‌ನಲ್ಲಿ ವಿನ್ಸೆಂಟ್ ಬೆಲ್ ಮಾಡಿದ್ದೂ ಇದನ್ನೇ.

ಮುಗಿದುಹೋದ ಎಟಿಎಂ ಕಾರ್ಡ್ ಸಾಕು, ದಪ್ಪ 0.76 ಮಿ.ಮೀ. ಚಿಪ್ ಇಲ್ಲದ ಕಡೆ 15 ಮಿ.ಮೀ. ಅಗಲದ ಪಟ್ಟಿ, ಆರೂ ತಂತಿಗೆ ಸಾಲುವಷ್ಟು ಉದ್ದ ಕತ್ತರಿಸಿರಿ. ಸ್ಯಾಡಲ್‌ಗೆ ತಾಗಿಕೊಂಡು, ಪಿಕಪ್ ಕಡೆಗೆ, ಬಡಗಿಯ ಹತ್ತಿರ ಸಿಗುವ ಮರದ ಪಟ್ಟಿಯ ಮೇಲೆ ಡಬಲ್ ಟೇಪಿನಿಂದ ಕೂರಿಸಿರಿ. ಎತ್ತರ ಗಿಟಾರಿಗೊಂದು ಥರ. ತಂತಿಗೆ ಕಾರ್ಡ್ ಬರೀ ಸೋಕಬೇಕು, ಎತ್ತಬಾರದು. ಆಮೇಲೆ 400 ನಂಬರಿನ ಮರಳು ಕಾಗದದಿಂದ ಪಿಕಪ್ ಕಡೆಯ ಅಂಚನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ, ಪ್ರತಿ ಸಲ ಮೀಟಿ ಕೇಳಬೇಕು. ತೀರಾ ಸಮತಟ್ಟಾದರೆ 'ದಬ್' ಅಂದು ಸಾಯುತ್ತದೆ. ಇಳಿಜಾರು ಹೆಚ್ಚಾದರೆ ಮಾಮೂಲಿ ಗಿಟಾರು. ನಡುವೆ ಕೂದಲೆಳೆಯಷ್ಟು ಜಾಗದಲ್ಲಿ 'ಝೇಂ' ಅಂತ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಅವಸರ ಮಾಡುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ತಂತಿಯ ಉದ್ದ ತುಸು ಕಡಿಮೆಯಾಗುವುದರಿಂದ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಏರುತ್ತದೆ, ಹಾಗಾಗಿ ಖಾಲಿ ತಂತಿಗೆ, ಸ್ಲೈಡಿಗೆ ಬಳಸಿರಿ. ದಪ್ಪ ತಂತಿಯಿಂದ ಡಿ, ಎ, ಡಿ, ಎ, ಎ, ಡಿ ಎಂದು ಕೂಡಿಸಿದರೆ ಬರೀ ಷಡ್ಜ-ಪಂಚಮ. ಎರಡು, ಮೂರನೇ ತಂತಿಗಳು ಒಂದೇ ಸ್ವರದಲ್ಲಿ ಕೂಡಿದ್ದರಿಂದ ನಾದ ಮೆಲ್ಲಗೆ ಅಲೆಯಾಡುತ್ತದೆ.

ಗಿಟಾರನ್ನು ಪಿಟೀಲಿನ ಬಿಲ್ಲಿನಿಂದ ನುಡಿಸಿ ರಾಕ್ ಗಿಟಾರಿಸ್ಟರಾದ ಎಡ್ಡಿ ಫಿಲಿಪ್ಸ್, ಜಿಮ್ಮಿ ಪೇಜ್ ಹೆಸರಾದರು. ಆದರೆ ಪಿಟೀಲಿನ ಕುದುರೆ ಕಮಾನಿನಂತೆ ಬಾಗಿರುತ್ತದೆ, ಗಿಟಾರಿನದು ಹೆಚ್ಚುಕಡಿಮೆ ಚಪ್ಪಟೆ. ಮೊದಲನೆಯ ಮತ್ತು ಆರನೆಯ ತಂತಿ ಬಿಟ್ಟರೆ ಯಾವುದೂ ಒಂಟಿಯಾಗಿ ಸಿಗುವುದಿಲ್ಲ. ರಾಳ ಧಾರಾಳವಾಗಿ ಹಚ್ಚಬೇಕು, ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ತಂತಿ ಬೇಗ ಮಂಕಾಗುತ್ತದೆ.

ಎರಡನೆಯ ದಾರಿಯಲ್ಲಿ ತಂತಿಯೇ ಬೇಡ. ರಾಕ್ ಗಿಟಾರಿಸ್ಟರಾದ ಪಾಲ್ ಗಿಲ್ಬರ್ಟ್, ಎಡ್ಡಿ ವ್ಯಾನ್ ಹೇಲನ್ ಪವರ್ ಡ್ರಿಲ್ ಹಿಡಿದು ವೇದಿಕೆ ಏರಿದರು. ಡ್ರಿಲ್‌ನ ಮೋಟಾರಿನ ಕಾಂತಕ್ಷೇತ್ರ ನೇರವಾಗಿ ಪಿಕಪ್‌ಗೆ ಹೊಕ್ಕು ಕಿರುಚುತ್ತದೆ. ಮನೆಯಲ್ಲಿ ಆಟಿಕೆಯ 3 ವೋಲ್ಟ್ ಮೋಟಾರು, ಎರಡು ಪೆನ್ಸಿಲ್ ಸೆಲ್ ಸಾಕು. ಪಿಕಪ್‌ನಿಂದ ನಾಲ್ಕೈದು ಸೆಂ.ಮೀ. ಮೇಲೆ ಹಿಡಿದು, ತಿರುಗುವ ಕಡ್ಡಿಯನ್ನು ಹೆಬ್ಬೆರಳಿನಿಂದ ಸವರಿ ವೇಗ ಇಳಿಸಿದರೆ ಸ್ವರ ಜಾರುತ್ತದೆ. ವೇಗ ತಗ್ಗಿಸಲು ಆಡಿಯೊ ಪಾಟ್ (ವಾಲ್ಯೂಮ್ ತಿರುಗಣೆ) ಹಾಕಬೇಡಿರಿ. ಮೋಟಾರು ಎಳೆಯುವ ಕರೆಂಟಿಗೆ ಅದು ಸುಟ್ಟುಹೋಗುತ್ತದೆ. ಇಯರ್‌ಫೋನ್ ಗುಂಡಿಯನ್ನು ಪಿಕಪ್‌ಗೆ ಅರ್ಧ ಸೆಂ.ಮೀ. ಹತ್ತಿರ ತಂದರೆ ಫೋನಿನ ಹಾಡೇ ಗಿಟಾರಿನ ಡಿಸ್ಟಾರ್ಷನ್‌ನಲ್ಲಿ ಹೊರಡುತ್ತದೆ.

ಪಿಕಪ್ಪೂ ಬೇಡದ ಆಟ ಒಂದಿದೆ: ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ ಟಾಮ್ ಮೊರೆಲ್ಲೊ ಕೇಬಲ್ಲನ್ನು ಗಿಟಾರಿನಿಂದ ಕಿತ್ತು, ಅದರ ತುದಿಯನ್ನು ಕೈಗೆ ತಟ್ಟಿ ತಾಳ ಹಾಕುತ್ತಾರೆ. ಕೇಳುವುದು ಗೋಡೆಯ ಕರೆಂಟಿನ ಗುಂಯ್. ನಮ್ಮ ಹೆಸ್ಕಾಂ ಲೈನು 50 ಹರ್ಟ್ಜ್. ಜಿ ಸ್ವರದ 49ಕ್ಕಿಂತ ತುಸು ಮೇಲೆ, ಸುಮಾರು 35 ಸೆಂಟ್ (ಅರ್ಧ ಸ್ವರದ ನೂರರಲ್ಲಿ 35 ಪಾಲು). ಅಮೆರಿಕದ 60 ಹರ್ಟ್ಜ್ ಎ ಶಾರ್ಪ್, ಬಿ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ನಾವು ಅದೃಷ್ಟವಂತರು: ಹಾಡನ್ನು ಜಿ ಶ್ರುತಿಗೆ ತಂದು ಇಡೀ ಬ್ಯಾಂಡನ್ನು ಅಷ್ಟೇ ಏರಿಸಿಕೊಂಡರೆ ಗುಂಯ್ ಕೂಡ ಶ್ರುತಿಯಲ್ಲಿರುತ್ತದೆ. ಆದರೆ ಆಂಪ್ ಮೂರು ಪಿನ್ನಿನದಾಗಿರಬೇಕು, ಗೋಡೆಯಲ್ಲಿ ಅರ್ಥಿಂಗ್ ನಿಜವಾಗಿ ಇರಬೇಕು. ಹಳೆಯ ಗಲ್ಲಿ ಮನೆಗಳಲ್ಲಿ ಮೂರನೇ ತೂತು ಎಷ್ಟೋ ಕಡೆ ಬರೀ ತೋರಿಕೆಗೆ. ಎಲೆಕ್ಟ್ರಿಷಿಯನ್‌ನಿಂದ ನೋಡಿಸದೆ ಇದಕ್ಕೆ ಕೈ ಹಾಕಬೇಡಿರಿ. ತಂತಿ ಮುಟ್ಟಿದಾಗ ಜುಂ ಅಂದರೆ ಅಲ್ಲಿಗೇ ನಿಲ್ಲಿಸಿರಿ. ವಾಲ್ಯೂಮ್ ಕಾಲು ಭಾಗಕ್ಕಿಂತ ಮೇಲೆ ಬೇಡ, ಪ್ರತಿ ತಟ್ಟಿಗೂ ಸ್ಪೀಕರಿನ ಕೋನ್ ಪೆಟ್ಟು ತಿನ್ನುತ್ತದೆ.

ಈ ಯಾವ ಪ್ರಯೋಗವನ್ನೂ ಲೇತ್ ಅಂಗಡಿಯ ಬೆಂಚಿನ ಮೇಲೆ ಮಾಡಬೇಡಿರಿ. ಕಬ್ಬಿಣದ ಪುಡಿ ಪಿಕಪ್‌ನ ಅಯಸ್ಕಾಂತಕ್ಕೆ ಹತ್ತಿ ಕೂರುತ್ತದೆ, ಬಟ್ಟೆಯಿಂದ ಒರೆಸಿದರೆ ಇನ್ನೂ ಒಳಗೆ ಇಳಿಯುತ್ತದೆ. ಸುರುಳಿಯ ತಾಮ್ರ 0.06 ಮಿ.ಮೀ. ದಪ್ಪ, ಚೂಪು ಚೂರು ಒಂದೇ ಕಡೆ ಎಳೆ ಹರಿದರೂ ಪಿಕಪ್ ಮೂಕ. ಕೆಲಸಕ್ಕೆ ಮುಂಚೆ ಪಿಕಪ್ ಪೂರಾ ಮಾಸ್ಕಿಂಗ್ ಟೇಪಿನಿಂದ ಮುಚ್ಚಿರಿ. ಆಗಲೇ ಹತ್ತಿದ್ದರೆ ಅಂಟು ಟೇಪನ್ನು ಒತ್ತಿ, ನೇರ ಮೇಲಕ್ಕೆ ಎತ್ತಿರಿ, ಪುಡಿ ಬರುವುದು ನಿಲ್ಲುವ ತನಕ.